ಮನೆಗೆ ಹೋಗು ಎಂದರೆ

ಜನವರಿ 14, ಬೆಳಗ್ಗೆ

ಜಿಮ್ನಾಸ್ಟಿಕ್ಸ್ ಕ್ಲಬ್ಬಿನ ಮೇಷ್ಟ್ರು ಕೊಟ್ಟ ಮಾತು: ಶರತ್ಕಾಲದ ಸ್ಪರ್ಧೆ ಮುಗಿದ ಕೂಡಲೇ ನನ್ನ ಬಲ ಪಾದದ ಕೀಲಿಗೆ ಆಪರೇಷನ್. ಮಾಡಿಸಲಿಲ್ಲ. ಅಲ್ಲಿಯವರೆಗೆ ಬಾರ್ ಮಾತ್ರ, ನೆಲದ ಮೇಲೆ ಹಾರುವ ಫ್ಲೋರ್ ಬೇಡ ಎಂದರು. ಫ್ಲೋರೂ ಮಾಡಿಸಿದರು. ಹೊಸ ವರ್ಷಕ್ಕೆ ಅಮ್ಮನ ಹತ್ತಿರ ಹೋಗಿ ಬಾ ಎಂದರು. ಬಿಡಲಿಲ್ಲ. ಸಿಕ್ಕಿದ್ದು ಟೇಪು. ಬಿಗಿದು ಸುತ್ತುವ ಬಿಳಿ ಟೇಪು.

ಇವತ್ತೂ ಅದೇ. ಶೂ ಬಿಚ್ಚಿದೆ. ಜಿಮ್ಮಿನ ಬಾಗಿಲಲ್ಲಿ ಬಗ್ಗಿ ನಮಸ್ಕರಿಸಿದೆ. ಬಾರಿಗೂ ಬಗ್ಗಿದೆ. ಇಲ್ಲಿ ಕಂಬಿಗೆ ಮರ್ಯಾದೆ ಇದೆ. ಹುಡುಗಿಯರ ಕಾಲಿಗೆ ಇಲ್ಲ.

ಜನವರಿ 17, ಸಂಜೆ

ನೊನೊಕಾ ಕಿರಿದಾದ ಬೀಮಿನ ಮೇಲಿಂದ ಬಿದ್ದಳು. ಹದಿನಾಲ್ಕು ವರ್ಷ. ಓಸಾಕಾದಿಂದ ಇಲ್ಲಿ ಫುಕುಯಿಗೆ, ಅಜ್ಜಿಯ ಮನೆಗೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ. ಕುಂಟುತ್ತಿದ್ದಳು. ಕುಜುಹಾರಾ ಮೇಷ್ಟ್ರು ಕೂಗಿದರು: "ಮಾಡೋ ಮನಸ್ಸಿಲ್ವಾ? ಮನೆಗೆ ಹೋಗು!"

ಮನೆಗೆ ಹೋಗು ಎಂದರೆ ಹೋಗು ಎಂದಲ್ಲ. ಗೋಡೆಯ ಪಕ್ಕ ನೆಟ್ಟಗೆ ನಿಲ್ಲಬೇಕು. "ದಯವಿಟ್ಟು ಮಾಡಿಸಿ ಮೇಷ್ಟ್ರೇ" ಎಂದು ಬಗ್ಗಿ ಬಗ್ಗಿ ಬೇಡಬೇಕು, ಅವರು ತಿರುಗಿ ನೋಡುವವರೆಗೆ. ನಾನು ಹಾಗೆ ನಿಂತೇ ದೊಡ್ಡವಳಾದವಳು. ಆ ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆ, ಕಣ್ಣು ಮುಚ್ಚಿ ಹೇಳಬಲ್ಲೆ.

ನೊನೊಕಾ "ಆಯ್ತು ಮೇಷ್ಟ್ರೇ, ಬರ್ತೀನಿ" ಎಂದಳು. ಬ್ಯಾಗ್ ಎತ್ತಿಕೊಂಡಳು. ಹೋದಳು.

ಶೂ ಗೂಡಿನ ಹತ್ತಿರ ಅಳುತ್ತಿರುತ್ತಾಳೆ ಎಂದುಕೊಂಡೆವು. ಸುಮಿರೆ ಇಣುಕಿ ಬಂದಳು. ಜೊತೆಯಲ್ಲೇ ಬೆಳೆದವಳು, ನನಗಿಂತ ಎರಡು ವರ್ಷ ಚಿಕ್ಕವಳು. "ಅಕ್ಕ... ನಿಜವಾಗ್ಲೂ ಹೋಗ್ಬಿಟ್ಳು!"

ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ನೋಡಿ ನುಂಗಿಕೊಂಡರು.

"ಚಿಗುಸಾ, ನೀನು ಕ್ಯಾಪ್ಟನ್ ತಾನೆ? ನಾಳೆ ಹೋಗಿ ಎಳ್ಕೊಂಡ್ ಬಾ. ಎಲ್ಲರ ಮುಂದೆ ತಪ್ಪಾಯ್ತು ಅನ್ಲಿ."

ಜನವರಿ 18, ಮಧ್ಯಾಹ್ನ

ಹಿಮ ತುಳಿದುಕೊಂಡು ನೊನೊಕಾಳ ಮನೆಗೆ ಹೋದೆ. ಬಿಸಿ ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ ಅಜ್ಜಿ, ಮೊಮ್ಮಗಳು ಮಿಜುಯೋಕಾನ್ ತಿನ್ನುತ್ತಿದ್ದರು. ನಮ್ಮೂರಲ್ಲಿ ಚಳಿಗಾಲಕ್ಕೇ ಮೀಸಲಾದ ತಣ್ಣನೆ ಸಿಹಿ. ನಾನು ಅದರ ರುಚಿ ನೋಡಿ ಎಷ್ಟು ಚಳಿಗಾಲವಾಯಿತೋ. ದಿನಾ ತಕ್ಕಡಿ ಹತ್ತಬೇಕಲ್ಲ.

"ಹೋಗು ಅಂದ್ರು, ಬಂದೆ. ಅದ್ರಲ್ಲಿ ತಪ್ಪೇನಕ್ಕ?"

ಹೇಳಿಕೊಡಲು ಹೋದವಳು ನಾನು!

ಅಜ್ಜಿ ನನ್ನ ಪಾದ ಎಳೆದು ತೊಡೆಯ ಮೇಲಿಟ್ಟುಕೊಂಡರು. "ಅಯ್ಯೋ, ಮೂಲಂಗಿ ಥರ ಬಾತಿದೆಯಲ್ಲೇ. ಇದು ಯಾರ ಕಾಲು ಮಗಳೇ, ನಿಂದಾ, ಕ್ಲಬ್ಬಿಂದಾ?"

"ಜಪಾನ್ ಟೀಮ್ ಆಯ್ಕೆ ಸ್ಪರ್ಧೆ ಆಗೋವರೆಗೂ ಕ್ಲಬ್ಬಿಂದು ಅಜ್ಜಿ," ಎಂದೆ. ತಮಾಷೆಗೆ. ನೊನೊಕಾ ನಕ್ಕಳು. ಅಜ್ಜಿ ನಗಲಿಲ್ಲ. ತಟ್ಟೆ ನನ್ನ ಕಡೆ ತಳ್ಳಿದರು.

ತಿಂದೆ. ಇನ್ನೊಂದು ತುಂಡೂ ತಿಂದೆ.

ಜನವರಿ 20

ನಿನ್ನೆ ಭಾನುವಾರ, ರಜೆ. ಇವತ್ತು ಜಿಮ್ಮಿಗೆ ಒಬ್ಬಳೇ ವಾಪಸ್. "ಬರಲ್ಲ ಅಂದ್ಲು. ನಾನೂ ಕರೀಲಿಲ್ಲ. ಅವಳ ಕಾಲನ್ನ ಮೊದ್ಲು ಡಾಕ್ಟರ್ ನೋಡ್ಲಿ ಮೇಷ್ಟ್ರೇ."

ಬೈಯಲಿಲ್ಲ. ಹೊಡೆಯಲಿಲ್ಲ. ಮುಖ ತಿರುಗಿಸಿದರು, ಅಷ್ಟೆ. ಕಿಟಕಿ ನೋಡಿದ ಹಾಗೆ ನನ್ನ ಮೂಲಕ ಆಚೆ ನೋಡುತ್ತಾರೆ.

ಜನವರಿ 29

ಯಾರೇ ಬಾರ್ ಹತ್ತಲಿ, ಉಳಿದವರೆಲ್ಲ ಕೂಗಬೇಕು — ಗಂಬಾ! ಗಟ್ಟಿಯಾಗಿರು, ಬಿಡಬೇಡ, ಅಂತ. ಚಿಕ್ಕಂದಿನಿಂದ ಆ ಕೂಗು ಕಿವಿಗೆ ಬಿದ್ದ ಮೇಲೇ ಕಂಬಿಗೆ ಕೈ ಹಾಕಿದ್ದು.

ಈಗ ನನ್ನ ಸರದಿ ಬಂದರೆ ಇಡೀ ಜಿಮ್ಮಿಗೆ ನೀರು ಕುಡಿಯುವ ಕೆಲಸ. ಮ್ಯಾಟ್ ಸರಿಮಾಡುವ ಕೆಲಸ. ನನ್ನ ಉಸಿರು ನನಗೇ ಕೇಳುತ್ತದೆ. ಕೈ ಬಿಟ್ಟು ಗಾಳಿಯಲ್ಲಿ ತಿರುಗುವಾಗ ಕೆಳಗೆ ಹಿಡಿಯಲು ಯಾರೂ ಇಲ್ಲ.

ಊಟದಲ್ಲಿ ಸುಮಿರೆ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ತಪ್ಪು ಅವಳದಲ್ಲ. ಮಾತಾಡಿದರೆ ನಾಳೆ ಅವಳ ಸರದಿಗೂ ಮೌನ. ಹೆದರಿಕೆಯನ್ನು ಶಿಸ್ತು ಎಂದು ಕರೆಯುವ ಊರಿನ ಮಕ್ಕಳು ನಾವು.

ಫೆಬ್ರವರಿ 8, ಸಂಜೆ

ಹತ್ತು ದಿನ ಬರೆಯಲಿಲ್ಲ. ಹತ್ತು ದಿನ ಯಾರೂ ಮಾತಾಡಿಸಲಿಲ್ಲ. ಬರೆಯಲು ಏನಿದೆ?

ಇವತ್ತು ಸಾಲಿನಲ್ಲಿ ನಿಂತಾಗ ನಾನೇ ಬಾಯಿ ಬಿಟ್ಟೆ. "ಮೇಷ್ಟ್ರೇ, ನನ್ನ ಆಪರೇಷನ್ ಯಾವಾಗ?"

ಕೊನೆಗೂ ನೋಡಿದರು. "ಆಯ್ಕೆ ಸ್ಪರ್ಧೆ ಎದುರಿಗಿದೆ. ಇಪ್ಪತ್ತೆರಡಾಯ್ತು ನಿಂಗೆ. ಈಗ ಕಾಲು ಕುಯ್ಸ್ಕೊಂಡ್ರೆ ವಾಪಸ್ ಬರೋಕೆ ಜಾಗ ಇರಲ್ಲ. ತಿಳೀತಾ?"

"ತಿಳೀತು. ಯಾವಾಗ?"

"ಮನೆಗೆ ಹೋಗು!"

ನಾಚಿಕೆ... ನನ್ನ ಕಾಲು ತಾನಾಗಿ ಗೋಡೆಯ ಕಡೆ ನಡೆದಿತ್ತು. ಬಣ್ಣ ಎದ್ದ ಜಾಗದ ಮುಂದೆ ನಿಂತೂ ಆಗಿತ್ತು. ಬಾಯಲ್ಲಿ "ದಯವಿಟ್ಟು" ಬಂದಾಗಿತ್ತು.

ನುಂಗಿದೆ. ಬ್ಯಾಗ್ ಎತ್ತಿದೆ. ಬಾರಿಗೆ ಬಗ್ಗಿದೆ, ಮೇಷ್ಟ್ರಿಗಲ್ಲ. ಬಾಗಿಲವರೆಗೆ ಜಿಮ್ಮು ಅಷ್ಟು ಉದ್ದ ಅಂತ ಗೊತ್ತಿರಲಿಲ್ಲ.

ಹೊಸ್ತಿಲಲ್ಲಿ, ಬೆನ್ನ ಹಿಂದೆ, ಒಂದೇ ಒಂದು ಗಂಟಲು — "ಗಂಬಾ!"

ತಿರುಗಿ ನೋಡಲಿಲ್ಲ. ನೋಡಿದ್ದರೆ ಯಾರೆಂದು ಮೇಷ್ಟ್ರಿಗೂ ಗೊತ್ತಾಗುತ್ತಿತ್ತು.

ಫೆಬ್ರವರಿ 13, ಸಂಜೆ

ಆಸ್ಪತ್ರೆಗೆ ಹೋಗಿ ಬಂದೆ. ಮಾರ್ಚ್ ಮೊದಲ ವಾರ ಆಪರೇಷನ್. ಆಯ್ಕೆ ಸ್ಪರ್ಧೆ ನನಗಿಲ್ಲ. ಬರೆದಾಯಿತು, ಇನ್ನು ಒಪ್ಪಿಕೊಳ್ಳಬೇಕು.

ಜಿಮ್ಮಿನ ಶೂ ಗೂಡಿನ ಹತ್ತಿರ ನಿಂತು ಹೊರಬಂದ ಪ್ರತಿಯೊಬ್ಬಳಿಗೂ ಹೇಳಿದೆ. ನೋವು ಅಂದವಳು ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಮೌನದ ಶಿಕ್ಷೆ ನಿಲ್ಲಬೇಕು. ಎಲ್ಲರೂ ಸೇರಿ ಮೇಷ್ಟ್ರನ್ನ ಕೇಳೋಣ, ಅದಕ್ಕೆ ಮೊದಲು ಭಾನುವಾರ ಒಂದು ಕಡೆ ಕೂತು ಮಾತಾಡೋಣ, ಬನ್ನಿ. ಒಬ್ಬೊಬ್ಬಳೂ ನೆಲ ನೋಡುತ್ತ ದಾಟಿಹೋದಳು.

ಸುಮಿರೆ ಲೇಸ್ ಕಟ್ಟುತ್ತಲೇ ಇದ್ದಳು. ಕಟ್ಟಿದ್ದನ್ನೇ ಬಿಚ್ಚಿ ಕಟ್ಟಿದಳು.

"ನಂಗೆ ಜಪಾನ್ ಟೀಮ್ ಬೇಕು ಅಕ್ಕ."

"ನಂಗೂ ಬೇಕಿತ್ತು ಕಣೇ."

ಅವಳು ತಲೆ ಎತ್ತಲಿಲ್ಲ. ಅವತ್ತು ಹೊಸ್ತಿಲಲ್ಲಿ ಬೆನ್ನ ಹಿಂದೆ ಕೇಳಿದ ಅದೇ ಗಂಟಲು. "ಎಷ್ಟು ಗಂಟೆಗೆ?"

ಭಾನುವಾರ, ಹದಿನಾರು. ಮಧ್ಯಾಹ್ನ ಎರಡು. ನೊನೊಕಾಳ ಅಜ್ಜಿಯ ಮನೆ. ಬೇರೆ ಯಾರೂ ಬರದಿದ್ದರೂ ನೊನೊಕಾ, ಸುಮಿರೆ, ನಾನು, ನಾವು ಮೂವರು ಇದ್ದೇವೆ.