ಉಂಡಿಯೇನು ಅಂತ ಕೇಳುವವರು

ಅವ್ವಾ,

ನೀನು ಇದನ್ನು ಓದುವುದಿಲ್ಲ ಅಂತ ಗೊತ್ತು, ಆದರೂ ಹೇಳದೆ ಇರಲಾಗುತ್ತಿಲ್ಲ. ಅಪ್ಪನ ಬಿಳಿ ರಕ್ತಕಣಗಳು ಇವತ್ತು ಏರಿವೆ. ಕ್ಯಾನ್ಸರ್ ಔಷಧಿಯಿಂದ ಪೂರ್ತಿ ಇಳಿದುಹೋಗಿದ್ದವು. ಸಣ್ಣ ಸೋಂಕು ತಗಲಿದರೂ ಜೀವಕ್ಕೆ ಅಪಾಯ ಅಂದಿದ್ದರು. ಅದಕ್ಕೇ ಒಂದು ಪ್ರೋಟೀನಿನ ಇಂಜೆಕ್ಷನ್ ಕೊಡುತ್ತಿದ್ದರು.

"ಅದು ಏನ್ ಮಾಡತೈತ್ರಿ?" ಅಂತ ಡಾಕ್ಟರ್ ಸುಹಾಸಿನಿಯವರನ್ನು ಕೇಳಿದೆ.

"ಹೊಸಾ ಕಣ ಹುಟ್ಟಸ್ತದ. ಹುಟ್ಟಿದವಕ್ಕ ಸಾಯಬ್ಯಾಡ, ಇರು ಅಂತ ಸುದ್ದಿ ಮುಟ್ಟಸ್ತದ. ಆ ಸುದ್ದಿ ಬರಲಿಲ್ಲಂದ್ರ ಅವು ಲಗೂನ ಸಾಯ್ತಾವ."

"ಅಂದ್ರ ಅವಕ್ಕೂ ದಿನಾ ಉಂಡಿಯೇನು ಅಂತ ಕೇಳೋರು ಬೇಕ್ರಿ?"

ಅವರು ನಕ್ಕರು. "ಹಂಗ ತಿಳ್ಕೋ. ನೀ ಮೊದಲ ಒಂದ್ ಕಡೆ ಕೂಡು."

ನಾನೆಲ್ಲಿ ಕೂಡುತ್ತೇನೆ? ಬೈಕ್ ಹತ್ತಿ ಉಣಕಲ್ ಕೆರೆಗೆ ಹೋದೆ. ನೀನಿದ್ದಾಗ, ನಾನು ಗಬ್ಬೂರಿನಲ್ಲಿರಲಿ, ರಾಯಾಪುರದಲ್ಲಿರಲಿ, ಮಧ್ಯಾಹ್ನವಾದರೆ ನಿನ್ನ ಫೋನ್ ಬರುತ್ತಿತ್ತು, ಅದೇ ಪ್ರಶ್ನೆ. "ಉಂಡೇನಿ, ಇಡಬೇ" ಅಂದು ನಾನೇ ಮೊದಲು ಫೋನ್ ಇಟ್ಟುಬಿಡುತ್ತಿದ್ದೆ, ಉಂಡಿರದಿದ್ದರೂ.

ಕೆರೆ ದಂಡೆಯಲ್ಲಿದ್ದಾಗ ಅಪ್ಪನ ಫೋನ್ ಬಂತು. ಇಷ್ಟು ವರ್ಷ ಒಮ್ಮೆಯೂ ಕೇಳದ ಮಾತನ್ನು ಕೇಳಿದ.

"ಉಂಡಿಯೇನಲೇ?"

"ಇಲ್ಲಪಾ. ಬರಾಕತ್ತೇನಿ, ಕೂಡೇ ಉಣ್ಣೋಣು."

ಅವನು ಇಡುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ, ಅವ್ವಾ.