ಆರು ದೂರು, ಒಂದೇ ಅಕ್ಷರ

ಶನಿವಾರ, ಜೂನ್ ೧೪
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನೀವು ಫೋನ್ ಎತ್ತುತ್ತಿಲ್ಲ. ಎತ್ತಬೇಕೆಂದು ಕೇಳುವ ಮುಖವೂ ನನಗಿಲ್ಲ. ಅದಕ್ಕೇ ಕಾಗದ ಬರೆದು ಮುಕ್ಕಾಲಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಪಕ್ಕದ ಬೀದಿಯಲ್ಲೇ ಅವನ ಮನೆ ಅಲ್ಲವೇ? ಬಾಗಿಲ ಸಂದಿಯಲ್ಲಿ ತೂರಿಸಿ ಬಂದುಬಿಡು, ನಿಲ್ಲಬೇಡ ಎಂದಿದ್ದೇನೆ. ನಿಂತರೆ ನೀವು ಅವನಿಗೆ ಟೀ ಕೊಡುತ್ತೀರಿ, ಅವನು ಅಳುತ್ತಾನೆ. ಆರಡಿ ಎತ್ತರದ ಕ್ಯಾಮೆರಾದವನು ಅಳುವುದನ್ನು ನೀವು ನೋಡಬೇಕಾಗಿಲ್ಲ.

ಸೋಮವಾರ ಹತ್ತು ಗಂಟೆಯೊಳಗೆ ಪಠ್ಯಪುಸ್ತಕದ ಪ್ರೆಸ್ಸಿನವರಿಗೆ ನಿಮ್ಮ ಅನುಭವ ಪತ್ರ ಮುಟ್ಟಬೇಕು, ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಅವನೇ ಹೇಳಿದ. ನಮ್ಮ ಜಾಹೀರಾತು ಕಚೇರಿಯಲ್ಲಿ ಒಂಬತ್ತು ವರ್ಷ ದುಡಿದದ್ದಕ್ಕೆ ಒಂದು ಹಾಳೆ, ಕೆಳಗೆ ಒಂದು ಸಹಿ. ಅದಕ್ಕೆ ಯಜಮಾನರು ಷರತ್ತು ಹಾಕಿದ್ದಾರಂತೆ, 'ದೂರುಗಳನ್ನೆಲ್ಲ ಬರೆದದ್ದು ನಾನೇ, ಉಳಿದವರ ತಲೆ ಕೆಡಿಸಿದ್ದು ನಾನೇ' ಎಂದು ನೀವು ಮೊದಲು ಬರೆದುಕೊಡಬೇಕಂತೆ. ನೀವು ಬರೆದುಕೊಡಲಿಲ್ಲ. ಬರೆದವರು ಯಾರೆಂದೂ ಹೇಳಲಿಲ್ಲ.

ನಿಮಗೆ ಗೊತ್ತಿದೆ. ಆ ದಿನ ಸಭೆಯಲ್ಲಿ ದೂರಿನ ಹಾಳೆ ನೋಡಿದ ಕೂಡಲೇ ನಿಮಗೆ ತಿಳಿಯಿತು. ಒಮ್ಮೆ ನನ್ನ ಕಡೆ ನೋಡಿದಿರಿ, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡಿರಿ. ಆದರೂ ಅದು ಆದದ್ದು ಹೇಗೆಂದು ನನ್ನ ಬಾಯಿಂದ ನೀವು ಕೇಳಿಲ್ಲ.

ಯಜಮಾನರು ಎರಡು ದಿನದ ತರಬೇತಿಗೆ ಹೋಗಿ ಆ ಡಬ್ಬ ತಂದರಲ್ಲ, ಚಪ್ಪಲಿ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿ ಮೇಲೆ ಸೀಳು ಬಿಟ್ಟದ್ದು? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, 'ನಾವೆಲ್ಲ ಒಂದೇ ಮನೆಯವ್ರು. ಏನೇ ಇದ್ರೂ ಬರೆದು ಹಾಕಿ, ಹೆಸರು ಬೇಡ, ನಾನು ಬೇಜಾರು ಮಾಡ್ಕೊಳಲ್ಲ' ಎಂದರು. ನೀವು ನನ್ನ ಕಿವಿಯಲ್ಲಿ ಹೇಳಿದ್ದು ಇನ್ನೂ ಕೇಳಿಸುತ್ತಿದೆ. 'ಏ ಕರಪತ್ರ, ಇಲಿಗೆ ಬೋನು ತೋರಿಸಿ ಇದು ನಿನ್ನ ಹೊಸ ಮನೆ ಅಂದಂಗಿದೆ. ಸುಮ್ನಿರು.' ನಾನು ಸುಮ್ಮನಿರಲಿಲ್ಲ. ನಾಲ್ಕಾಣೆಯ ಕಾಗದದ ಮೇಲೆ ಅಚ್ಚಾದ ಎಷ್ಟು ಪುಸ್ತಿಕೆ ಓದಿಕೊಂಡಿದ್ದೆ ನಾನು! ಒಬ್ಬೊಬ್ಬರಾಗಿ ಕೇಳಿದರೆ ಅದು ಬೇಡಿಕೆ, ಎಲ್ಲರೂ ಸೇರಿ ಕೇಳಿದರೆ ಹಕ್ಕು ಎಂದು ಒಂದರಲ್ಲಿತ್ತು. ಆ ಸಾಲಿಗೆ ಕೆಂಪು ಗೆರೆ ಎಳೆದು ದಿಂಬಿನ ಕೆಳಗಿಟ್ಟುಕೊಂಡು ಮಲಗಿದವಳು ನಾನು.

ಒಬ್ಬೊಬ್ಬರ ಮೇಜಿಗೂ ಹೋಗಿ ಕೇಳಿದೆ. ಶೂಟಿಂಗ್ ಇದೆ ಅನ್ನೋದು ಶೂಟಿಂಗ್ ದಿನ ಬೆಳಿಗ್ಗೆ ಗೊತ್ತಾಗುತ್ತೆ ಎಂದ ಮುಕ್ಕಾಲಿ. ದಿನವಿಡೀ ಫೋನ್ ಎತ್ತುತ್ತ ಕೂರುವ ಫೋನಮ್ಮ ತುಂಬ ಯೋಚಿಸಿ ತನ್ನ ಕುರ್ಚಿ ಕಿರುಗುಟ್ಟುತ್ತದೆ ಎಂದಳು. ಉಳಿದ ಮೂವರೂ ಒಂದೊಂದು ಮಾತು ಹೇಳಿದರು. ಯಜಮಾನರು ಹಲ್ಲಿನ ಡಾಕ್ಟರ ಪೋಸ್ಟರನ್ನು ನಿಮ್ಮ ಕೈಯಲ್ಲಿ ಹನ್ನೊಂದು ಸಲ ತಿದ್ದಿಸಿ, 'ನಗುವಿಗೆ ಇನ್ನೂ ಎರಡು ಹಲ್ಲು ಸೇರಿಸಿ' ಎಂದು ಹಟ ಹಿಡಿದು, ಕೊನೆಗೆ ಮೊದಲನೆಯದನ್ನೇ ಆರಿಸಿ, ತಡವಾಯಿತೆಂದು ಡಾಕ್ಟರ ಎದುರಿಗೇ ನಿಮ್ಮನ್ನು ಬೈದದ್ದನ್ನು ನಾನು ನನ್ನ ದೂರು ಎಂದು ಬರೆದೆ. ನಿಮ್ಮನ್ನು ಕೇಳಿದಾಗ ನೀವು ಹೇಳಿದ್ದು ಎರಡೇ ಪದ: 'ನಂದು ಬೇಡ.'

ಅವರು ಹೇಳಿದ್ದನ್ನು ಹೇಳಿದ ಹಾಗೇ ಹಾಕಬಹುದಿತ್ತು. ಅವರವರ ಕೈಯಲ್ಲಿ, ಅವರವರ ತಪ್ಪುಗಳ ಸಮೇತ. ಆದರೆ ಅಕ್ಕ, ಸೋಪಿಗೂ ಹಾಸಿಗೆಗೂ ದಿನವಿಡೀ ಸಾಲು ಹೊಸೆಯುವ ಕೈ ಇದು. ಪೆಚ್ಚಾದ ಮಾತು ಕಂಡರೆ ತಿದ್ದದೆ ಬಿಡುವುದಿಲ್ಲ. ಆರು ದೂರಿಗೂ ಮೊದಲ ಸಾಲು ಕೊಟ್ಟೆ, ಕೊನೆಯ ಸಾಲು ಕೊಟ್ಟೆ, ನಡುವೆ ಬೆಂಕಿ ಇಟ್ಟೆ. ನೀವು ಪ್ರಿಂಟ್ ತೋರಿಸಲು ಡಾಕ್ಟರ ಹತ್ತಿರ ಹೋಗಿದ್ದ ಮಧ್ಯಾಹ್ನ ನಿಮ್ಮ ಕಂಪ್ಯೂಟರಿನಲ್ಲೇ ಕೂತು ಟೈಪ್ ಮಾಡಿದೆ, ಪ್ರಿಂಟರ್ ಇರುವುದು ಅದಕ್ಕೊಂದಕ್ಕೇ ತಾನೇ. ಅಕ್ಷರದ ಫಾಂಟ್ ಬದಲಾಯಿಸಬೇಕೆಂದು ಹೊಳೆಯಲಿಲ್ಲ. ನೀವು ಮಾತ್ರ ಬಳಸುವ ಆ ದುಂಡನೆಯ ಅಕ್ಷರ, ನೀವು ಮಾತ್ರ ಬಿಡುವ ಅಷ್ಟಗಲದ ಅಂಚು. ಅಂದವಾಗಿ ಬಂದಿವೆ ಎಂದು ಹೆಮ್ಮೆಯನ್ನೂ ಪಟ್ಟೆ.

ಮುಂದಿನದಕ್ಕೆ ನೀವೇ ಸಾಕ್ಷಿ. ಯಜಮಾನರು ಆರೂ ಹಾಳೆಯನ್ನು ಮೇಜಿನ ಮೇಲೆ ಇಸ್ಪೀಟಿನ ಹಾಗೆ ಹರಡಿ, 'ಇದು ಆರು ದೂರಲ್ಲ. ಒಂದೇ ದೂರು, ಆರು ಪ್ರಿಂಟು. ಇಪ್ಪತ್ತು ವರ್ಷದಿಂದ ಈ ಫೀಲ್ಡಲ್ಲಿದ್ದೀನಿ, ಯಾರ ಅಕ್ಷರ ಅಂತ ನಂಗೆ ಗೊತ್ತಾಗಲ್ವಾ?' ಎಂದರು. ಏಳು ಜನರಲ್ಲಿ ದೂರು ಕೊಡದವರು ನೀವೊಬ್ಬರೇ. ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದೂ ನೀವೊಬ್ಬರೇ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯಾದರೂ ಬೇಕೆಂದೇ ಒರೆಸಿತ್ತು. ನನಗೆ ಆ ಬುದ್ಧಿಯೂ ಇರಲಿಲ್ಲ.

ಆಮೇಲಿನ ಹತ್ತು ದಿನ ನಾನು ಕೈಕಟ್ಟಿ ಕೂತಿರಲಿಲ್ಲ ಎಂದು ನೀವು ನಂಬಬೇಕು. ಮೊದಲು ಉಳಿದವರ ಹತ್ತಿರ ಹೋದೆ. ಎಲ್ಲರೂ ಒಟ್ಟಿಗೆ ಯಜಮಾನರ ಗಾಜಿನ ಕೋಣೆಗೆ ಹೋಗೋಣ, ಇದು ನಮ್ಮ ಮಾತು ಎನ್ನೋಣ ಎಂದೆ. ಮುಕ್ಕಾಲಿ ಲೆನ್ಸ್ ಒರೆಸುತ್ತ, 'ನನ್ನ ಹೆಂಡ್ತಿ ಏಳು ತಿಂಗಳ ಬಸುರಿ, ತಾಯಿ. ಈಗ ಬೇಡ' ಎಂದ. ಫೋನಮ್ಮನಿಗೆ ಸಿಟ್ಟೇ ಬಂತು. 'ನಾನು ಹೇಳಿದ್ದು ಕುರ್ಚಿ ಕಿರುಗುಟ್ಟುತ್ತೆ ಅಂತ. ನೀನು ಅದನ್ನ ಶೋಷಣೆ ಅಂತ ಮಾಡಿಬಿಟ್ಟೆ! ಒಂದು ತೊಟ್ಟು ಎಣ್ಣೆ ಬಿಟ್ಟಿದ್ರೆ ಮುಗೀತಿತ್ತಲ್ಲೇ' ಎಂದಳು. ನಿಜವೇ. ಅವಳ ದೂರನ್ನು ನಾನು ಕಿತ್ತುಕೊಂಡು ನನ್ನದನ್ನು ಅವಳ ಕೈಗಿಟ್ಟಿದ್ದೆ.

ಕಾರ್ಮಿಕ ಇಲಾಖೆಯ ಕಚೇರಿಗೂ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. 'ಯಾರನ್ನಮ್ಮ ತೆಗೆದಿದ್ದು, ನಿನ್ನನ್ನಾ?' ಎಂದರು. ಅಲ್ಲ ಎಂದೆ. 'ಅವ್ರು ಬಂದಿದ್ದಾರಾ?' ಇಲ್ಲ ಎಂದೆ. 'ಜೊತೆಲಿರೋರು ಯಾರಾದ್ರೂ ಬಂದು ಹೇಳ್ತಾರಾ?' ಇಲ್ಲವೆಂದು ತಲೆಯಾಡಿಸಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, 'ಮನೆಗೆ ಹೋಗಿ ಊಟ ಮಾಡಮ್ಮ, ಮುಖ ಬಾಡಿದೆ' ಎಂದರು. ಅವರು ಗದರಿಸಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಕೊನೆಗೆ ನಿನ್ನೆ ಗಾಜಿನ ಕೋಣೆಗೆ ಹೋದೆ. ಅವರು ಫೋನಿನಲ್ಲಿದ್ದರು. ಒಂದು ನಿಮಿಷ ಎಂದು ಬೆರಳೆತ್ತಿದರು. ಅವರ ಒಂದು ನಿಮಿಷ ನಿಮಗೆ ಗೊತ್ತೇ ಇದೆ, ಕಾಲು ಜೋಮು ಹಿಡಿಯುವವರೆಗೆ ನಿಂತಿದ್ದೆ. ಹಾಸಿಗೆ ಕಂಪನಿಯವರಿಗೆ ಎರಡೇ ದಿನದಲ್ಲಿ ಇಡೀ ಜಾಹೀರಾತು ಮಾಡಿಕೊಡುವುದಾಗಿ ಮಾತು ಕೊಡುತ್ತಿದ್ದರು. ಅದನ್ನು ಬರೆಯಬೇಕಾದವಳು ಎದುರಿಗೇ ನಿಂತಿದ್ದೇನೆ, ಆಗುತ್ತದೆಯೇ ಎಂದು ನನ್ನನ್ನೊಂದು ಮಾತು ಕೇಳಲಿಲ್ಲ. ಫೋನ್ ಇಟ್ಟ ಮೇಲೆ ಹೇಳಿದೆ. ಆರನ್ನೂ ಬರೆದದ್ದು ನಾನು, ಅಕ್ಕ ಒಂದು ಅಕ್ಷರವನ್ನೂ ಬರೆದಿಲ್ಲ, ಅವರ ಕಂಪ್ಯೂಟರನ್ನು ಕೇಳದೆ ಬಳಸಿದೆ ಎಂದೆ.

ಅವರು ನಕ್ಕರು, ಅಕ್ಕ. 'ಅವಳನ್ನ ಉಳಿಸೋಕೆ ಬಂದ್ಯಾ? ಒಳ್ಳೆ ಮನಸ್ಸು ಕಣೇ ನಿಂದು, ಮೆಚ್ಚಿದೆ. ಆದ್ರೆ ಇದು ನಿನ್ನ ಕೈಲಾಗೋ ಕೆಲಸ ಅಲ್ಲ. ಇದ್ರಲ್ಲಿ ದಮ್ ಇದೆ. ನೀನು ಬರೆಯೋದು ಹೇಗೆ ಅಂತ ನಂಗೊತ್ತಿಲ್ವಾ? ಎರಡು ವರ್ಷದಿಂದ ತಿದ್ದಿ ತಿದ್ದಿ ನನ್ನ ಕೈ ಸವೆದಿದೆ' ಎಂದರು.

ಎರಡು ವರ್ಷ ನನ್ನ ಒಂದೊಂದು ಸಾಲನ್ನೂ ಹೊಡೆದು ಹಾಕಿ ಚಪ್ಪಟೆ ಮಾಡಿದವರು, ಚಪ್ಪಟೆಯಾದದ್ದೇ ನಾನು ಎಂದು ತಿಳಿದಿದ್ದಾರೆ. ಯಾರ ಕೆಲಸ ಯಾವುದೆಂದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿಲ್ಲ. ಯಜಮಾನ ಸಿಟ್ಟಾದರೆ ಏನು ಮಾಡಬೇಕೆಂದು ನನ್ನ ಪುಸ್ತಿಕೆಗಳಲ್ಲಿ ಪುಟಗಟ್ಟಲೆ ಇದೆ. ನಕ್ಕರೆ ಏನು ಮಾಡಬೇಕೆಂದು ಯಾವುದರಲ್ಲೂ ಇಲ್ಲ.

ನಾನು ಬಿಡಲಿಲ್ಲ. ಮತ್ತೆ ಹೇಳಿದೆ. ಫೋನಮ್ಮನ ದೂರಿನ ಕೊನೆಯ ಸಾಲನ್ನು ಬಾಯಿಪಾಠ ಒಪ್ಪಿಸಿದೆ. ಮೂರನೆಯ ಸಲ ಮೇಜು ಗುದ್ದಿ ಹೇಳಿದೆ. ಆಗ ಅವರು ಬಾಗಿಲು ತೋರಿಸಿದರು. ಅಕ್ಕನ ಅನುಭವ ಪತ್ರಕ್ಕಾದರೂ ಸಹಿ ಹಾಕಿ ಎಂದು ಬಾಗಿಲಲ್ಲಿ ನಿಂತು ಬೇಡಿಕೊಂಡೆ. 'ಅವಳು ಬರ್ಕೊಡ್ಲಿ, ನಾನೂ ಬರ್ಕೊಡ್ತೀನಿ' ಎಂದರು. ಅಲ್ಲಿಗೆ ಮುಗಿಯಿತು.

ನಿಮ್ಮ ಮಗಳ ಶಾಲೆ ಶುರುವಾಗಿದೆ ಎಂದು ಗೊತ್ತು. ಪ್ರೆಸ್ಸಿನ ಕೆಲಸ ಅವಳ ಶಾಲೆಯ ಎದುರಿಗೇ ಎಂದೂ, ಐದು ಗಂಟೆಗೆ ಬಿಡುತ್ತಾರೆಂದೂ ನೀವು ಊಟದ ಡಬ್ಬಿ ಬಿಚ್ಚುವಾಗ ಎಷ್ಟು ಆಸೆಯಿಂದ ಹೇಳಿದ್ದಿರಿ. ಅಲ್ಲಿ ಕೆಲಸ ಕೇಳಿದ್ದನ್ನು ನನಗೊಬ್ಬಳಿಗೇ ತಿಳಿಸಿದ್ದಿರಿ. ಇನ್ನೊಂದು ತಿಂಗಳು ನಾನು ಬಾಯಿಮುಚ್ಚಿಕೊಂಡಿದ್ದರೆ ನೀವಾಗಿಯೇ ಪತ್ರ ಪಡೆದು, ಕೈಮುಗಿದು, ಹೊರಟುಹೋಗುತ್ತಿದ್ದಿರಿ. ನಿಮಗೆ ನನ್ನ ಹೋರಾಟ ಬೇಕಿರಲಿಲ್ಲ. ಒಂದು ತಿಂಗಳ ನೆಮ್ಮದಿ ಬೇಕಿತ್ತು.

ಕ್ಷಮಿಸಿ ಎಂದು ಬರೆದು ಹೊಡೆದು ಹಾಕಿದ್ದೇನೆ. ಮೇಲೆ ಕಾಣುವ ಕಪ್ಪು ಗೀಟು ಅದೇ. ಬೈಯಬೇಕೆನಿಸಿದರೆ ಫೋನ್ ಮಾಡಿ. ಬೈಯಬೇಕೆನಿಸಲಿ ಎಂದು ಕಾಯುತ್ತಿದ್ದೇನೆ.

ಎಂದಿಗೂ ನಿಮ್ಮವಳೇ ಆದ,
ಕರಪತ್ರ

ತಾ.ಕ.: ಪತ್ರ ಮಡಿಸಿ ಮುಕ್ಕಾಲಿಗೆ ಕೊಟ್ಟಿದ್ದೆ, ಮೆಟ್ಟಿಲಿಳಿದು ಓಡಿ ವಾಪಸು ಇಸಿದುಕೊಂಡೆ. ಮೂರು ಸಲ ಹೇಳಿದೆ ಎಂದು ಮೇಲೆ ಬರೆದಿದ್ದೇನೆ. ಒಂದೇ ಸಲ ಹೇಳಿದ್ದು. ಮೇಜು ಗುದ್ದಲಿಲ್ಲ. ಬಾಗಿಲಲ್ಲಿ ನಿಂತು ಬೇಡಲೂ ಇಲ್ಲ. ಅವಳು ಬರೆದುಕೊಡಲಿ ಎಂಬ ಮಾತು ನನಗೆ ಮುಕ್ಕಾಲಿ ಹೇಳಿದ್ದು. ಆ ಕೋಣೆಯಲ್ಲಿ ನಡೆದದ್ದು ಇಷ್ಟೇ. ನಾನು ಹೇಳಿದೆ, ಅವರು ನಕ್ಕರು, ನನ್ನ ಕೆಲಸ ಉಳಿಯಿತೆಂದು ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ನಾನೂ ನಕ್ಕೆ.