ಮೂರು ಪ್ರಶ್ನೆಗಳ ಕಾರ್ಡು

ನವೆಂಬರ್ ೧೨, ೧೯೫೩, ಗುರುವಾರ. ಬೆರ್ಗನ್.

ಪಟ್ಟಿಯ ಹದಿನೇಳನೆಯವನು, ಈವರ್, ತಲೆಯಿಂದ ಇಳಿಯುತ್ತಿಲ್ಲ. ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿ ನಾನು ಮನೆಗೆ ಕಳಿಸಿದ ಮೂವತ್ತೊಂಬತ್ತು ಮನೋರೋಗಿಗಳಲ್ಲಿ ಅವನ ಫಲಿತಾಂಶವೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಬೆಳಿಗ್ಗೆ ಅವನ ತಾಯಿ ರಾಗ್ನಾ ದೋಣಿ ಹತ್ತಿ ಬಂದಿದ್ದರು. ಅವನು ಆಸ್ಪತ್ರೆಯಲ್ಲಿ ಬಿಟ್ಟುಹೋದ ಉಣ್ಣೆಯ ಸ್ವೆಟರ್ ಬೇಕಂತೆ.

"ಈವರ್‌ಗೆ ಇದು ಇನ್ನೂ ಆಗುತ್ತಾ?" ಎಂದೆ.

"ಅವನ ತಮ್ಮ ಹಾಕ್ಕೋತಾನೆ, ಡಾಕ್ಟ್ರೇ. ಈವರ್ ಹೋಗಿ ಎರಡು ವರ್ಷ ಆಯ್ತು. ನ್ಯುಮೋನಿಯಾ."

"ಹೋದ ತಿಂಗಳೂ ನೀವು ಉತ್ತರ ಕಳಿಸಿದ್ರಲ್ಲ?"

"ನಿಮ್ಮ ಕಾರ್ಡು ಬಂತು, ಬರೆದೆ. ಕೂಗಾಡ್ತಾನಾ, ಹೊಡೀತಾನಾ, ಮನೆ ಬಿಟ್ಟು ಓಡ್ತಾನಾ. ಮೂರಕ್ಕೂ ಇಲ್ಲ. ಅದರಲ್ಲಿ ಸುಳ್ಳೇನಿದೆ? ಇದ್ದಾನಾ ಅಂತ ನೀವು ಕೇಳಲೇ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊಟ್ಟ ಕಾಫಿ ಕುಡಿದು, ಸ್ವೆಟರ್ ಮಡಚಿಕೊಂಡು ಹೋದರು.

ಆ ಪ್ರಶ್ನೆಗಳನ್ನು ಬರೆದವನು ನಾನೇ. ಹಳ್ಳಿಯವರಿಗೂ ಉತ್ತರಿಸಲು ಸುಲಭ ಎಂದು ಬೀಗಿದ್ದೆ. ನಾಲ್ಕು ವರ್ಷದ ಸಂಶೋಧನೆ ನಿಂತಿರುವುದೇ ಆ ಕಾರ್ಡುಗಳ ಮೇಲೆ. ಸೋಮವಾರ ಆಸ್ಲೋದಲ್ಲಿ ಪ್ರಬಂಧ ಓದಬೇಕು.

ಅವನೊಬ್ಬನನ್ನು ಪಟ್ಟಿಯಿಂದ ತೆಗೆದರೆ ಮುಗಿಯಿತು ಅಂದುಕೊಂಡಿದ್ದೆ. ಊಟವಾದ ಮೇಲೆ ಉಳಿದವರ ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿದೆ. ಇಪ್ಪತ್ತಾರರಲ್ಲಿ ಮೂರಕ್ಕೂ ಇಲ್ಲ ಎಂದೇ ಇದೆ. ಪಕ್ಕದಲ್ಲಿ ನನ್ನದೇ ಕೈಬರಹ, ಕೆಂಪು ಶಾಯಿಯಲ್ಲಿ: ಗುಣವಾಗಿದೆ.

ಆ ಮನೆಗಳಿಗೆಲ್ಲ ಇನ್ನೊಂದು ಪ್ರಶ್ನೆ ಕಳಿಸಬೇಕು. ಆಗಿನಿಂದ ಪೆನ್ನು ಹಿಡಿದು ಕೂತಿದ್ದೇನೆ. 'ಅಮ್ಮಾ, ನಿಮ್ಮ ಮಗ ಇನ್ನೂ' ಎನ್ನುವವರೆಗೆ ಬರುತ್ತದೆ, ಆಮೇಲೆ